ಕಾರ್ಯಭಾರವನ್ನು ಹೊಸದಾಗಿ ವಹಿಸಿಕೊಂಡವರಿಗೆ

ಒಬ್ಬರು ತಮ್ಮ ಪಾಲಿನ ಕೆಲಸವನ್ನು ಹಲವು ವರ್ಷ ಶ್ರದ್ಧೆಯಿಂದ ಮಾಡಿಕೊಂಡು ಬಂದಿರುತ್ತಾರೆ. ಲೆಕ್ಕ ಬರೆಯುವವರಾದರೆ ಲೆಕ್ಕದಲ್ಲಿ, ಪಾಠ ಹೇಳುವವರಾದರೆ ಪಾಠದಲ್ಲಿ, ಯಂತ್ರ ನಡೆಸುವವರಾದರೆ ಯಂತ್ರದಲ್ಲಿ ಒಳ್ಳೆಯ ಹೆಸರು ಪಡೆದಿರುತ್ತಾರೆ. ಆ ಒಳ್ಳೆಯ ಹೆಸರೇ ಕಾರಣವಾಗಿ ಒಂದು ದಿನ ಮೇಲಿನವರು ಅವರನ್ನು ಕರೆದು, ಇನ್ನು ಮುಂದೆ ಈ ಕಾರ್ಯವೆಲ್ಲ ನಿಮ್ಮ ಉಸ್ತುವಾರಿಯಲ್ಲಿ ನಡೆಯತಕ್ಕದ್ದು ಎಂದು ಅಪ್ಪಣೆ ಮಾಡುತ್ತಾರೆ. ಆ ಕಾರ್ಯವು ಬ್ಯಾಂಕಿನ ಶಾಖೆಯನ್ನು ಹೊಸ ಕಟ್ಟಡಕ್ಕೆ ವರ್ಗಾಯಿಸುವುದಿರಬಹುದು, ಸಂಘದ ಅಮೃತ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರುವುದಿರಬಹುದು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಗ್ರಾಹಕರೊಬ್ಬರಿಗೆ ಹೊಸ ವ್ಯವಸ್ಥೆಯನ್ನು ರಚಿಸಿಕೊಡುವುದಿರಬಹುದು. ಸ್ವಹಸ್ತದಿಂದ ಕೆಲಸ ಮಾಡುವ ನೈಪುಣ್ಯ ಬೇರೆ, ಹಲವು ಹಸ್ತಗಳ ಕೆಲಸವನ್ನು ಒಂದು ಗುರಿಗೆ ಮುಟ್ಟಿಸುವ ನೈಪುಣ್ಯ ಬೇರೆ; ಮೊದಲನೆಯದರಲ್ಲಿ ಪರಿಣತಿಯುಳ್ಳವರಿಗೆ ಎರಡನೆಯದನ್ನು ಯಾರೂ ಕಲಿಸಿರುವುದಿಲ್ಲ. ಹೀಗೆ ಸಿದ್ಧತೆಯಿಲ್ಲದೆ ಹೊಣೆ ಹೊತ್ತವರ ಸಹಾಯಾರ್ಥವಾಗಿ ಕೆಲವು ಮಾತುಗಳನ್ನು ಇಲ್ಲಿ ನಿವೇದಿಸುತ್ತೇನೆ.

ನನ್ನ ಅಭಿಪ್ರಾಯದಲ್ಲಿ ಉಸ್ತುವಾರಿಯ ಸಾರವೆಲ್ಲ ಒಂದು ಕರ್ತವ್ಯದಲ್ಲಿ ಅಡಗಿದೆ: ಕಾರ್ಯದ ನಿಜಸ್ಥಿತಿಯನ್ನು ದಿನದಿನವೂ ತಿಳಿದಿರುವುದು, ಮತ್ತು ಅದನ್ನು ತಿಳಿಯಬೇಕಾದವರಿಗೆ ತಡಮಾಡದೆ ತಿಳಿಸುವುದು. ಯೋಜನಾಪಟ್ಟಿ, ಸಭೆ, ಲೆಕ್ಕದ ಪುಸ್ತಕ, ನಡಾವಳಿ ಎಂಬಿವೆಲ್ಲವೂ ಆ ಒಂದು ಕರ್ತವ್ಯದ ಅಂಗೋಪಾಂಗಗಳು. ವಿಷಯವು ಸಾಮಾನ್ಯೋಕ್ತಿಗಳಲ್ಲಿ ಕರಗಿಹೋಗದಂತೆ ಒಂದು ದೃಷ್ಟಾಂತವನ್ನು ಹಿಡಿದುಕೊಂಡು ಮುಂದುವರಿಯೋಣ. ತಾಲ್ಲೂಕು ಕೇಂದ್ರದ ಒಂದು ಪ್ರೌಢಶಾಲೆ. ಅಲ್ಲಿ ಓದಿ ಹೊರಗೆ ಹೋಗಿ ನೆಲೆನಿಂತ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಎರಡು ಕೊಠಡಿಗಳನ್ನು ಕಟ್ಟಿಸಿಕೊಡಲು ಮುಂದೆ ಬಂದಿದ್ದಾರೆ. ಮುಖ್ಯೋಪಾಧ್ಯಾಯರು ವಿಜ್ಞಾನದ ಅಧ್ಯಾಪಕಿಯೊಬ್ಬರನ್ನು ಕರೆದು, ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ವೇಳೆಗೆ ಕೊಠಡಿಗಳು ಸಿದ್ಧವಾಗಬೇಕೆಂದು ಹೇಳಿ ಕಾಗದಪತ್ರಗಳ ಕಟ್ಟನ್ನು ಅವರ ಕೈಗಿತ್ತಿದ್ದಾರೆ. ಅಧ್ಯಾಪಕಿಗೆ ಬೆಳಕಿನ ವಕ್ರೀಭವನ ಗೊತ್ತು. ಜಲ್ಲಿ, ಎಂ-ಸ್ಯಾಂಡು, ಕಂಬಿಗಳ ವಿಚಾರ ಗೊತ್ತಿಲ್ಲ.

ಮೊದಲ ವಾರದಲ್ಲಿ ಏನನ್ನಾದರೂ ಆರಂಭಿಸಿ ತೋರಿಸಬೇಕೆಂಬ ಆತುರವು ಎಲ್ಲರಲ್ಲಿಯೂ ಹುಟ್ಟುತ್ತದೆ. ಇಟ್ಟಿಗೆಯ ಲಾರಿ ಬಂದು ಆವರಣದಲ್ಲಿ ನಿಂತರೆ ನೋಡುವವರಿಗೂ ಸಂತೋಷ, ತರಿಸಿದವರಿಗೂ ಧೈರ್ಯ. ಆದರೆ ಆ ವಾರವು ಪ್ರಶ್ನೆಗಳಿಗೆ ಮೀಸಲಾಗಿರತಕ್ಕದ್ದು. ಕಡೆಯಲ್ಲಿ ಯಾವುದು ಕಣ್ಣೆದುರಿಗೆ ಇರಬೇಕು? ಅದು ಮುಗಿಯಿತೆಂದು ಹೇಳುವ ಅಧಿಕಾರ ಯಾರದು? ಹಣವೆಷ್ಟು, ಅದು ಈಗಾಗಲೇ ಬ್ಯಾಂಕಿನಲ್ಲಿದೆಯೋ ಇಲ್ಲವೆ ಬರಿಯ ವಾಗ್ದಾನವೋ? ಚೆಕ್ಕಿಗೆ ಯಾರ ಯಾರ ರುಜು ಬೇಕು? ನಾನೇ ನಿರ್ಣಯಿಸಬಹುದಾದ ವಿಷಯಗಳು ಯಾವುವು, ಬಂದು ಕೇಳಬೇಕಾದವು ಯಾವುವು? ಗೊತ್ತುಮಾಡಿದ ದಿನಾಂಕಕ್ಕೆ ಕಾರಣವೇನು?

ಇವುಗಳಲ್ಲಿ ಮೊದಲನೆಯ ಪ್ರಶ್ನೆಯು ಎಲ್ಲಕ್ಕಿಂತ ಸುಲಭವಾಗಿ ಕಂಡು ಎಲ್ಲಕ್ಕಿಂತ ಹೆಚ್ಚು ಕ್ಲೇಶವನ್ನು ತರತಕ್ಕದ್ದು. ಎರಡು ಕೊಠಡಿ ಎಂದಾಗ ಮುಖ್ಯೋಪಾಧ್ಯಾಯರ ಮನಸ್ಸಿನಲ್ಲಿ ಗೋಡೆ, ತಾರಸಿ, ಕರಿಹಲಗೆಗಳುಂಟು. ದಾನಿಗಳ ಮನಸ್ಸಿನಲ್ಲಿ ಬಣ್ಣ ಬಳಿದು, ಫ್ಯಾನು ತಿರುಗುತ್ತ, ಬಾಗಿಲ ಪಕ್ಕದಲ್ಲಿ ಹೆಸರಿನ ಶಿಲಾಫಲಕವಿರುವ ಕೊಠಡಿಗಳುಂಟು. ಶಿಕ್ಷಣ ಇಲಾಖೆಯ ಅಧಿಕಾರಿಗಳು ಬಂದರೆ ನಡೆಯಲಾರದ ಮಕ್ಕಳಿಗೆ ಇಳಿಜಾರು ದಾರಿ ಎಲ್ಲಿ ಎಂದು ಕೇಳುತ್ತಾರೆ. ಮೇಸ್ತ್ರಿಯ ಲೆಕ್ಕದಲ್ಲಿ ಅಂದಾಜುಪಟ್ಟಿಯಲ್ಲಿ ಬರೆದಿರುವಷ್ಟೇ ಕೆಲಸ. ಬೆಂಚುಗಳ ಮಾತನ್ನು ಯಾರೂ ಆಡಿರುವುದೇ ಇಲ್ಲ. ಎಲ್ಲರೂ ಒಂದೇ ಶಬ್ದವನ್ನು ಉಚ್ಚರಿಸುತ್ತ ಬೇರೆ ಬೇರೆ ಚಿತ್ರಗಳನ್ನು ಕಾಣುತ್ತಿರುವ ಈ ಸ್ಥಿತಿಯು ಉದ್ಘಾಟನೆಯ ಹಿಂದಿನ ವಾರ ಬಯಲಾದರೆ ಅದು ಮನಸ್ತಾಪಕ್ಕೆ ಕಾರಣವಾಗುತ್ತದೆ. ಮೊದಲ ವಾರದಲ್ಲಿ ಬಯಲಾದರೆ ಅರ್ಧ ಗಂಟೆಯ ಮಾತುಕತೆಯಲ್ಲಿ ಇತ್ಯರ್ಥವಾಗುತ್ತದೆ. ಆದುದರಿಂದ ಒಂದು ಹಾಳೆಯಲ್ಲಿ, ಯಾವುದು ಈ ಕಾರ್ಯದಲ್ಲಿ ಸೇರಿದೆ ಎಂಬುದನ್ನು ಬರೆಯುವುದರೊಂದಿಗೆ ಯಾವುದು ಸೇರಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಬರೆದು, ಸಂಬಂಧಪಟ್ಟವರೆಲ್ಲರ ಮುಂದೆ ಓದಿ, ಅದನ್ನು ಸಮಿತಿಯ ನಡಾವಳಿ ಪುಸ್ತಕದಲ್ಲಿ ಸೇರಿಸಿ ರುಜು ಪಡೆಯುವುದು ಯುಕ್ತ. ಸೇರಿಲ್ಲದವುಗಳ ಪಟ್ಟಿಯನ್ನು ಓದುವಾಗಲೇ ಜನ ತಮ್ಮ ನಿಜವಾದ ಅಪೇಕ್ಷೆಯನ್ನು ಬಾಯಿಬಿಟ್ಟು ಹೇಳುವರೆಂಬುದು ಸಭೆಗಳಲ್ಲಿ ಕುಳಿತವರೆಲ್ಲರಿಗೂ ಗೊತ್ತು.

ಮುಂದೆಂದಾದರೂ ಈ ಕೊಠಡಿಗಳ ಮೇಲೆ ಮಹಡಿ ಕಟ್ಟುವ ಉದ್ದೇಶವುಂಟೇ ಎಂಬುದನ್ನೂ ಆಗಲೇ ಕೇಳಬೇಕು. ಏಕೆಂದರೆ ಪಾಯಕ್ಕೆ ಎರಡನೆಯ ಅವಕಾಶವಿಲ್ಲ. ಕನ್ನಂಬಾಡಿಯ ಕಟ್ಟೆಯ ಇತಿಹಾಸದಲ್ಲಿ ಇದಕ್ಕೆ ಒಂದು ದೊಡ್ಡ ನಿದರ್ಶನವಿದೆ. 1911ರಲ್ಲಿ ಆ ಕಾರ್ಯ ಆರಂಭವಾದಾಗ ಮದರಾಸು ಸರ್ಕಾರದ ಆಕ್ಷೇಪಣೆಯ ಕಾರಣದಿಂದ ಮೈಸೂರಿಗೆ ದೊರೆತದ್ದು ಕಡಿಮೆ ಎತ್ತರದ ಮೊದಲ ಹಂತಕ್ಕೆ ಮಾತ್ರ ಸಮ್ಮತಿ. ಆದರೂ ಆಗ ಮುಖ್ಯ ಎಂಜಿನಿಯರಾಗಿದ್ದು ಮರುವರ್ಷವೇ ದಿವಾನರಾದ ವಿಶ್ವೇಶ್ವರಯ್ಯನವರ ಕಾಲದಲ್ಲಿ ಅಸ್ತಿಭಾರವನ್ನು ಮುಂದಿನ ಪೂರ್ಣ ಎತ್ತರಕ್ಕೆ ಒಪ್ಪುವಂತೆಯೇ ಹಾಕಲಾಯಿತು. ಅದರಿಂದ ಎರಡು ಸರ್ಕಾರಗಳ ನಡುವೆ ಎದ್ದ ವ್ಯಾಜ್ಯವು ಪಂಚಾಯಿತಿಗೆ ಹೋಗಿ, ಕಡೆಗೆ 1924ರ ಒಪ್ಪಂದದಲ್ಲಿ ಮುಗಿಯಿತು. ಅಂತಹ ವ್ಯಾಜ್ಯವನ್ನು ಹೊರುವ ಸಾಮರ್ಥ್ಯ ಒಂದು ಸಂಸ್ಥಾನಕ್ಕಿತ್ತು. ಶಾಲೆಯ ಅಧ್ಯಾಪಕಿಗೆ ಇಲ್ಲವಾದ್ದರಿಂದ ಅವರು ಅನುಮತಿಯನ್ನು ಲಿಖಿತವಾಗಿ ಪಡೆದೇ ಮುಂದಡಿಯಿಡಬೇಕು. ಆದರೆ ತಳದಲ್ಲಿರುವುದನ್ನು ಆಮೇಲೆ ತಿದ್ದಲಾಗದೆಂಬ ತತ್ತ್ವ ಎರಡು ಕಡೆಗೂ ಒಂದೇ. ಸ್ಮರಣ ಸಂಚಿಕೆಯಾದರೆ ಪುಟದ ಅಳತೆ, ಸಾಫ್ಟ್‌ವೇರಾದರೆ ಮಾಹಿತಿಯನ್ನು ಸಂಗ್ರಹಿಸಿಡುವ ವಿನ್ಯಾಸ: ಪ್ರತಿ ಕಾರ್ಯದಲ್ಲಿಯೂ ಪಾಯದಂತಹ ಒಂದೆರಡು ನಿರ್ಣಯಗಳಿರುತ್ತವೆ, ಅವು ಯಾವುವೆಂದು ಕಂಡುಹಿಡಿದು ಅವುಗಳಿಗೆ ಮಾತ್ರ ಹೆಚ್ಚಿನ ಕಾಲವನ್ನು ಕೊಟ್ಟು, ಉಳಿದವನ್ನು ಬೇಗ ತೀರ್ಮಾನಿಸಬಹುದು.

ಇನ್ನೊಂದು ಪ್ರಶ್ನೆಯನ್ನು ಕೇಳಲು ಹೊಸಬರು ಸಂಕೋಚಪಡುತ್ತಾರೆ. ಕಾರ್ಯದ ವಿಸ್ತಾರ, ಕಾಲ, ಹಣ ಈ ಮೂರೂ ಹೇಳಿದಂತೆಯೇ ನಡೆಯದಿದ್ದ ಪಕ್ಷದಲ್ಲಿ ಯಾವುದನ್ನು ಸಡಿಲಿಸಬಹುದು? ಮೇಲಿನವರು ಮೊದಲಿಗೆ ಯಾವುದನ್ನೂ ಇಲ್ಲ ಎಂದೇ ಉತ್ತರಿಸುವರು. ಆಗ ಎದುರುತ್ತರ ಕೊಡದೆ, ಜೂನ್ ಮೊದಲ ವಾರ ಒಂದು ಕೊಠಡಿ ಮಾತ್ರ ಸಿದ್ಧವಾಗಿದ್ದರೆ ತರಗತಿ ನಡೆಸಬಹುದೇ, ಬಣ್ಣ ದಸರೆ ರಜೆಯಲ್ಲಿ ಆದರೆ ಆಗುವುದೇ ಎಂದು ಬಿಡಿಬಿಡಿಯಾಗಿ ಕೇಳಿದರೆ ನಿಜವಾದ ಉತ್ತರ ಹೊರಬೀಳುತ್ತದೆ. ಆ ಉತ್ತರವನ್ನೂ ಹಾಳೆಯಲ್ಲಿ ಬರೆದುಕೊಳ್ಳಬೇಕು.

ಅನುಭವವಿಲ್ಲದವರ ದೊಡ್ಡ ಆತಂಕವೆಂದರೆ ತಮ್ಮ ಅಜ್ಞಾನವು ಹೊರಗೆ ಕಾಣುವುದೆಂಬುದು. ಆದರೆ ಕೇಳುವ ಸ್ವಾತಂತ್ರ್ಯವು ಆರಂಭದ ದಿನಗಳಲ್ಲಿರುವಷ್ಟು ಮುಂದೆ ಎಂದೂ ಇರುವುದಿಲ್ಲ. ಹೊಸದಾಗಿ ಬಂದವರು ಕಾಲಂ ಎಂದರೇನು ಎಂದು ಕೇಳಿದರೆ ಮೇಸ್ತ್ರಿ ಸಂತೋಷದಿಂದ ತೋರಿಸುತ್ತಾನೆ, ಎರಡು ತಿಂಗಳ ನಂತರ ಕೇಳಿದರೆ ಇಷ್ಟು ದಿನ ಏನು ನೋಡುತ್ತಿದ್ದರು ಎಂದುಕೊಳ್ಳುತ್ತಾನೆ. ಇದೇ ಶಾಲೆಯಲ್ಲಿ ಹಿಂದೆ ಕಾಂಪೌಂಡು ಕಟ್ಟಿಸಿದವರು ಯಾರು, ಅವರಿಗೆ ತೊಂದರೆ ಬಂದದ್ದು ಎಲ್ಲಿ ಎಂಬುದನ್ನು ಹುಡುಕಿಕೊಂಡು ಹೋಗಿ ಕೇಳಬೇಕು. ಬೋರ್‌ವೆಲ್ಲಿನ ನೀರು ಏಪ್ರಿಲಿನಲ್ಲಿ ನಿಂತುಹೋಗುತ್ತದೆಯೆಂಬುದು ಎಂಜಿನಿಯರಿಗೆ ತಿಳಿದಿರಲಾರದು, ಶಾಲೆಯ ಜವಾನನಿಗೆ ತಿಳಿದಿರುತ್ತದೆ. ಬಿಲ್ಲಿಗೆ ಯಾವ ಕಾಗದಗಳನ್ನು ಲಗತ್ತಿಸದಿದ್ದರೆ ಹಣ ನಿಲ್ಲುವುದೆಂಬುದು ಕಚೇರಿಯ ಗುಮಾಸ್ತರಿಗೆ ತಿಳಿದಿರುತ್ತದೆ. ಪ್ರತಿಯೊಬ್ಬರನ್ನೂ ಕೇಳಬೇಕಾದ ಒಳ್ಳೆಯ ಪ್ರಶ್ನೆಯೊಂದಿದೆ: ಈ ಕೆಲಸ ಕೆಟ್ಟುಹೋಯಿತೆಂದೇ ಇಟ್ಟುಕೊಳ್ಳೋಣ, ಯಾವ ಕಾರಣದಿಂದ ಕೆಟ್ಟಿತೆಂದು ನಿಮಗೆ ತೋರುತ್ತದೆ? ಕೆಲಸ ಚೆನ್ನಾಗಿ ನಡೆಯುವುದೇ ಎಂದು ಕೇಳಿದರೆ ಸಜ್ಜನರು ಹೌದೆನ್ನುತ್ತಾರೆ. ಕೆಟ್ಟಿತೆಂದು ಭಾವಿಸಿ ಹೇಳಿರೆಂದರೆ ಅವರ ಅನುಭವ ಮಾತನಾಡತೊಡಗುತ್ತದೆ.

ಈಗ ಕಾಲದ ಗಣನೆಗೆ ಬರೋಣ. ಹೊಸಬರು ಹೆಚ್ಚಾಗಿ ಸೋಲುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಕೆಲಸಗಳನ್ನು ಪಟ್ಟಿಮಾಡಿ ಒಂದೊಂದರ ಮುಂದೆ ತಾರೀಖು ಬರೆದರೆ ಯೋಜನೆಯಾಯಿತೆಂದು ತಿಳಿಯುವುದುಂಟು. ಯಾವ ಕೆಲಸ ಮುಗಿಯದೆ ಯಾವುದು ಆರಂಭವಾಗಲಾರದು ಎಂಬ ಅವಲಂಬನೆ ಅದರಲ್ಲಿ ಕಾಣುವುದಿಲ್ಲ. ಇದಕ್ಕಾಗಿ ಕಡೆಯಿಂದ ಹಿಂದಕ್ಕೆ ಬರುವುದು ಲೇಸು. ಬಣ್ಣಕ್ಕೆ ಮುಂಚೆ ಪ್ಲಾಸ್ಟರಿಂಗ್ ಒಣಗಿರಬೇಕು. ಪ್ಲಾಸ್ಟರಿಂಗ್‌ಗೆ ಮುಂಚೆ ತಾರಸಿಯ ಕೆಳಗಿನ ಆಸರೆಯಾದ ಸೆಂಟ್ರಿಂಗ್ ಬಿಚ್ಚಿರಬೇಕು. ಸೆಂಟ್ರಿಂಗ್ ಬಿಚ್ಚುವ ಮುಂಚೆ ಕಾಂಕ್ರೀಟು ಬಲಿತಿರಬೇಕು. ಭಾರತೀಯ ಮಾನಕವಾದ ಐ.ಎಸ್. 456ರ ಪ್ರಕಾರ, ನಾಲ್ಕೂವರೆ ಮೀಟರಿಗಿಂತ ಹೆಚ್ಚು ಅಂತರದ ತಾರಸಿಯ ಕೆಳಗಿನ ಆಸರೆಗಳನ್ನು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟಿನಲ್ಲಿ 14 ದಿನಗಳಿಗೆ ಮೊದಲು ತೆಗೆಯತಕ್ಕದ್ದಲ್ಲ. ಬೇರೆ ಬಗೆಯ ಸಿಮೆಂಟಾದರೆ ಎಂಜಿನಿಯರು ಹೇಳಿದಂತೆ ಇನ್ನೂ ಹೆಚ್ಚು ದಿನ ಕಾಯಬೇಕಾಗಬಹುದು. ಇಪ್ಪತ್ತು ಅಡಿ ಚಚ್ಚೌಕದ ತರಗತಿ ಕೊಠಡಿ ಈ ವರ್ಗಕ್ಕೇ ಸೇರುತ್ತದೆ. ಇನ್ನು ವಿದ್ಯುತ್ತಿನ ಕೆಲಸವನ್ನು ನೋಡಿರಿ. ಸ್ವಿಚ್ಚು, ಫ್ಯಾನುಗಳು ಬರುವುದು ಎಲ್ಲಕ್ಕಿಂತ ಕಡೆಗೆ. ಆದರೆ ತಂತಿ ಹೋಗುವ ಪೈಪುಗಳೂ ಫ್ಯಾನಿನ ಕೊಕ್ಕೆಗಳೂ ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟು, ಹಾಕುವ ಮುಂಚೆಯೇ ಕಂಬಿಗಳ ನಡುವೆ ಕುಳಿತಿರಬೇಕು. ಕಡೆಗೆ ತಾನೇ ಬರುವವನು ಎಂದು ಎಲೆಕ್ಟ್ರಿಷಿಯನ್ನಿಗೆ ಮೇ ತಿಂಗಳಲ್ಲಿ ಹೇಳಿಕಳುಹಿಸಿದರೆ ಹೊಸ ತಾರಸಿಯನ್ನು ಕೊರೆಯಬೇಕಾಗುತ್ತದೆ, ಇಲ್ಲವೆ ಪೈಪುಗಳು ಗೋಡೆಯ ಹೊರಗೆ ನೇತಾಡುತ್ತವೆ.

ಇದನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದಾಗ ಪಾಯ ಮತ್ತು ಅದರ ಮೇಲಿನ ಕಟ್ಟೆಗೆ 20 ದಿನ, ಗೋಡೆಗೆ 20, ಸೆಂಟ್ರಿಂಗ್ ಮತ್ತು ಕಂಬಿಗೆ 8, ಕಾಂಕ್ರೀಟು ಬಲಿಯಲು 14, ಪ್ಲಾಸ್ಟರಿಂಗ್ ಮತ್ತು ನೆಲಕ್ಕೆ 20, ಬಣ್ಣ ಮತ್ತು ದೀಪಕ್ಕೆ 10 ಎಂದು ಮೇಸ್ತ್ರಿ ಹೇಳಿದರೆ ಒಟ್ಟು 92 ದಿನವಾಯಿತು. ಮಾರ್ಚ್ 1ರಂದು ಗುದ್ದಲಿ ಹಾಕಿದರೆ ಮೇ 31ಕ್ಕೆ ಸರಿಯಾಗಿ ಮುಗಿಯಿತು! ಕೂಡಿಕೆ ತಪ್ಪಿಲ್ಲ, ಆದರೆ ಅದರಲ್ಲಿ ಒಂದು ದಿನದ ಬಿಡುವೂ ಇಲ್ಲ. ನಡುವೆ ಯುಗಾದಿ ಬರುತ್ತದೆ. ಗಾರೆ ಕೆಲಸದವರು ಊರಿಗೆ ಹೋದರೆ ಹಬ್ಬದ ಮರುದಿನವೇ ಹಿಂದಿರುಗುವುದಿಲ್ಲ. ಮೇಸ್ತ್ರಿಯ ಊರಿನ ಜಾತ್ರೆಯೂ ಆ ತಿಂಗಳುಗಳಲ್ಲಿಯೇ. ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗುಮಳೆಗಳು ಪಾಯದ ಗುಂಡಿಯಲ್ಲಿಯೋ ಹಸಿ ಗೋಡೆಯ ಮೇಲೆಯೋ ತಮ್ಮ ಪಾಲನ್ನು ಪಡೆದೇ ತೀರುತ್ತವೆ.

ಕೆಲಸಗಳ ಅವಲಂಬನೆಯ ಸರಪಳಿಗಳಲ್ಲಿ ಅತ್ಯಂತ ದೀರ್ಘವಾದುದೇ ಇಡೀ ಕಾರ್ಯದ ಅವಧಿಯನ್ನು ನಿರ್ಧರಿಸುತ್ತದೆ. 1957ರ ಸುಮಾರಿಗೆ ಅಮೆರಿಕದ ಡುಪಾಂಟ್ ಕಂಪನಿಯೂ ರೆಮಿಂಗ್ಟನ್ ರ‍್ಯಾಂಡ್ ಕಂಪನಿಯೂ ಸೇರಿ ರಾಸಾಯನಿಕ ಕಾರ್ಖಾನೆಗಳ ಕೆಲಸಕ್ಕಾಗಿ ಈ ತತ್ತ್ವವನ್ನು ಗಣಿತದ ಕ್ರಮಕ್ಕೆ ತಂದವು; ಅದೇ ಕಾಲದಲ್ಲಿ ಅಮೆರಿಕದ ನೌಕಾಪಡೆ ಪೋಲಾರಿಸ್ ಕ್ಷಿಪಣಿಯ ನಿರ್ಮಾಣಕ್ಕೆ ಇಂಥದೇ ಇನ್ನೊಂದು ವಿಧಾನವನ್ನು ರೂಪಿಸಿಕೊಂಡಿತು. ನಮ್ಮ ಎರಡು ಕೊಠಡಿಗಳಿಗೆ ಗಣಕಯಂತ್ರ ಬೇಡ, ಒಂದು ದೊಡ್ಡ ಹಾಳೆಯೂ ಪೆನ್ಸಿಲೂ ಸಾಕು. ಸರಪಳಿಯಲ್ಲಿರುವ ಕೆಲಸ ಒಂದು ದಿನ ತಡವಾದರೆ ಇಡೀ ಕಾರ್ಯ ಒಂದು ದಿನ ತಡವಾಗುತ್ತದೆ. ಸರಪಳಿಯ ಹೊರಗಿನದು, ಉದಾಹರಣೆಗೆ ಶಿಲಾಫಲಕದ ಕೆತ್ತನೆ, ನಾಲ್ಕು ದಿನ ತಡವಾದರೂ ಬಾಧೆಯಿಲ್ಲ. ಯಾವುದಕ್ಕೆ ಕಳವಳಪಡಬೇಕು, ಯಾವುದಕ್ಕೆ ಬೇಡ ಎಂಬ ವಿವೇಕ ಇದರಿಂದ ದೊರೆಯುತ್ತದೆ. ಎಲ್ಲದಕ್ಕೂ ಸಮನಾಗಿ ಕಳವಳಪಡುವವರು ಬೇಗ ದಣಿಯುತ್ತಾರೆ. ಆದರೆ ಸರಪಳಿಯು ಸ್ಥಿರವಲ್ಲವೆಂಬುದನ್ನು ನೆನಪಿಡಬೇಕು. ಕಿಟಕಿಗಳನ್ನು ವೆಲ್ಡಿಂಗ್ ಅಂಗಡಿಯವರಿಗೆ ಸಕಾಲದಲ್ಲಿ ಹೇಳದೆ ಮರೆತರೆ, ನಿನ್ನೆಯವರೆಗೆ ಗಣನೆಯಲ್ಲೇ ಇರದಿದ್ದ ಆ ಕಿಟಕಿಗಳೇ ಇಂದು ಎಲ್ಲರನ್ನೂ ಕಾಯಿಸುತ್ತವೆ.

ಮನುಷ್ಯನು ತನ್ನ ಕಾರ್ಯದ ಅವಧಿಯನ್ನು ಊಹಿಸುವಾಗ ಎಲ್ಲವೂ ಸುಸೂತ್ರವಾಗಿ ನಡೆಯುವ ಚಿತ್ರವನ್ನೇ ಕಾಣುತ್ತಾನೆ, ಅಂಥವೇ ಹಿಂದಿನ ಕಾರ್ಯಗಳು ನಿಜವಾಗಿ ಎಷ್ಟು ಕಾಲ ತೆಗೆದುಕೊಂಡವೆಂಬುದನ್ನು ಲೆಕ್ಕಕ್ಕೆ ತರುವುದಿಲ್ಲವೆಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ‍್ಸ್ಕಿ 1979ರಲ್ಲಿ ಬರೆದರು. ವಿದ್ಯಾವಂತರೂ ಧನಬಲವುಳ್ಳವರೂ ಈ ಭ್ರಮೆಗೆ ಹೊರತಲ್ಲ. ಆಸ್ಟ್ರೇಲಿಯದ ಸಿಡ್ನಿಯ ಆಪೆರಾ ಹೌಸ್ 1959ರಲ್ಲಿ ಆರಂಭವಾದಾಗ 1963ರಲ್ಲಿ ಮುಗಿಯುವುದೆಂದೂ 70 ಲಕ್ಷ ಡಾಲರ್ ಸಾಕೆಂದೂ ಅಂದಾಜಿತ್ತು. ಬಾಗಿಲು ತೆರೆದದ್ದು 1973ರಲ್ಲಿ, ತಗಲಿದ ವೆಚ್ಚ 10 ಕೋಟಿ 20 ಲಕ್ಷ ಡಾಲರ್. ಆದಕಾರಣ ಈ ಕೊಠಡಿ ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳುವುದರ ಜೊತೆಗೆ, ಪಕ್ಕದ ಊರಿನ ಶಾಲೆಯ ಕೊಠಡಿ ಎಷ್ಟು ದಿನ ಹಿಡಿಯಿತು ಎಂದು ಕೇಳಬೇಕು. ಎರಡನೆಯ ಉತ್ತರವೇ ಹೆಚ್ಚು ವಿಶ್ವಾಸಾರ್ಹ. 92 ದಿನದ ಲೆಕ್ಕಕ್ಕೆ ಪಕ್ಕದೂರಿನ ಅನುಭವ 125 ದಿನವೆಂದಾದರೆ, ಮಾರ್ಚಿಗೆ ಬದಲು ಜನವರಿಯ ಕಡೆಯಲ್ಲೇ ಆರಂಭಿಸುವುದಕ್ಕೆ ಹಣ ಬಿಡುಗಡೆ ಮಾಡಿರೆಂದು ದಾನಿಗಳನ್ನು ಪ್ರಾರ್ಥಿಸಬೇಕು. ಅದು ಸಾಧ್ಯವಿಲ್ಲವಾದರೆ ಜೂನಿಗೆ ಒಂದೇ ಕೊಠಡಿ ಎಂಬ ಮಾತನ್ನು ಆಗಲೇ ಆಡಬೇಕು.

ಹಣದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ, ಹೇಳುವುದನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಬೇಕು. ಬೆಲೆಗಳನ್ನು ಮೂರು ಕಡೆಯಿಂದಾದರೂ ಕೊಟೇಷನ್ ಪಡೆದು ತಿಳಿಯಬೇಕು. ಸ್ವಂತ ಹಣವನ್ನು ಕಾರ್ಯದ ಹಣದೊಂದಿಗೆ ಬೆರೆಸಬಾರದು. ತುರ್ತಿಗೆ ಕೈಯಿಂದ ಹಾಕಿದ ನೂರು ರೂಪಾಯಿಗೂ ಅದೇ ದಿನ ವೋಚರ್ ಬರೆಯಬೇಕು. ಶನಿವಾರದ ಬಟವಾಡೆಗೆ ಮೇಸ್ತ್ರಿ ಕೇಳಿದಷ್ಟನ್ನು ಕೊಡುತ್ತ ಹೋದರೆ, ಗೋಡೆ ಅರ್ಧ ಎದ್ದಿರುವಾಗ ಹಣ ಮುಕ್ಕಾಲು ಮುಗಿದಿರುತ್ತದೆ; ಅಳತೆಯಾದ ಕೆಲಸಕ್ಕೆ ಮಾತ್ರ ಹಣವೆಂಬ ನಿಯಮವನ್ನು ಮೊದಲ ಶನಿವಾರವೇ ಸ್ಥಾಪಿಸಬೇಕು, ಆಮೇಲೆ ಸ್ಥಾಪಿಸಲಾಗುವುದಿಲ್ಲ. ಹಾಗೆ ಅಳೆದು ಕೊಡಬೇಕಾದ ಹಣವನ್ನು ಶನಿವಾರ ಸಂಜೆ ದಾಟಿಸಲೂಬಾರದು; ಅದನ್ನು ನಂಬಿ ಸಂತೆಗೆ ಹೋಗುವ ಮನೆಗಳಿವೆ. ಒಟ್ಟು ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ಯಾವ ಕೆಲಸಕ್ಕೂ ಹಂಚದೆ ಅನಿರೀಕ್ಷಿತಕ್ಕೆಂದು ತೆಗೆದಿಡುವುದು ವಿವೇಕ. ಅದು ಉಳಿಯಿತೆಂದು ಯಾರೂ ಕಮಾನಿಗೋ ಧ್ವಜಸ್ತಂಭಕ್ಕೋ ಕೈಚಾಚದಂತೆ ಸಮಿತಿಯ ಒಪ್ಪಿಗೆಯನ್ನು ನಡಾವಳಿಯಲ್ಲಿ ಬರೆಸಿಡಬೇಕು.

ಆ ಮೀಸಲು ಹಣದ ಉಪಯೋಗವೇನೆಂಬುದು ಇಂಥ ಒಂದು ಸಂಜೆ ಗೊತ್ತಾಗುತ್ತದೆ. ಮೋಲ್ಡ್ ಹಾಕಿ ಹನ್ನೊಂದು ದಿನವಾಗಿದೆ. ಮೇಸ್ತ್ರಿ ಶಾಲೆಯ ಜಗಲಿಯ ಬಳಿ ಬಂದು ನಿಲ್ಲುತ್ತಾನೆ.

"ಟೀಚರಮ್ಮಾ, ನಾಳೆ ಬೆಳಿಗ್ಗೆ ಸೆಂಟ್ರಿಂಗ್ ಬಿಚ್ಚಿಬಿಡ್ತೀವಿ. ಹಲಗೆ, ಜಾಕು ಎಲ್ಲ ಬಾಡಿಗೇದು. ಪಕ್ಕದೂರಲ್ಲಿ ಇನ್ನೊಂದು ಮೋಲ್ಡ್ ಐತೆ, ಅವರು ಕಾಯ್ತಾವ್ರೆ."

"ಎಂಜಿನಿಯರ್ ಹದಿನಾಲ್ಕು ದಿನ ಅಂದಿದ್ದರಲ್ಲಾ, ಮೇಸ್ತ್ರಿಗಳೇ?"

"ಅವರು ಪುಸ್ತಕ ನೋಡಿ ಹೇಳ್ತಾರಮ್ಮ. ನಾನು ಎಷ್ಟೋ ಮನೆ ಮೋಲ್ಡ್ ಹತ್ತು ದಿನಕ್ಕೇ ಬಿಚ್ಚಿದೀನಿ, ಏನೂ ಆಗಿಲ್ಲ."

"ಇಲ್ಲಿ ಕೆಳಗೆ ಮಕ್ಕಳು ಕೂರ್ತಾರೆ. ಮೂರು ದಿನದ ಬಾಡಿಗೆ ಎಷ್ಟಾಗುತ್ತೆ ಹೇಳಿ, ಅದನ್ನ ನಾವು ಕೊಡ್ತೀವಿ. ಎಂಜಿನಿಯರ್ ಬಂದು ನೋಡದೆ ಒಂದು ಜಾಕೂ ತೆಗೆಯೋದು ಬೇಡ."

ಈ ಸಂಭಾಷಣೆಯಲ್ಲಿ ಗಮನಿಸತಕ್ಕ ಅಂಶಗಳು ಹಲವುಂಟು. ಮೇಸ್ತ್ರಿ ಕೆಟ್ಟವನಲ್ಲ, ಅವನಿಗೆ ಅವನದೇ ಆದ ಒತ್ತಡವಿದೆ. ಆ ಒತ್ತಡವನ್ನು ಒಪ್ಪಿಕೊಂಡು ಅದಕ್ಕೆ ಪರಿಹಾರವನ್ನು ಕೊಟ್ಟದ್ದರಿಂದ ನಿರಾಕರಣೆಯು ಅವಮಾನವಾಗಲಿಲ್ಲ. ಅಧ್ಯಾಪಕಿಯು ತಮಗೆ ತಿಳಿಯದ ಶಾಸ್ತ್ರದಲ್ಲಿ ವಾದಕ್ಕಿಳಿಯದೆ, ತಿಳಿದವರ ನಿರ್ಣಯವನ್ನು ಕಾಪಾಡಿದರು. ಇನ್ನು ಅದೇ ಸಂಜೆ ಅವರು ಮಾಡಬೇಕಾದ ಕೆಲಸ ಒಂದು ಉಳಿದಿದೆ: ಮುಖ್ಯೋಪಾಧ್ಯಾಯರಿಗೂ ದಾನಿಗಳ ಪ್ರತಿನಿಧಿಗೂ ಹೀಗಾಯಿತು, ಮೀಸಲು ಹಣದಿಂದ ಇಷ್ಟು ವೆಚ್ಚವಾಗುತ್ತದೆ, ಎಂಜಿನಿಯರು ಇಂಥ ದಿನ ಬರುತ್ತಾರೆ ಎಂದು ತಿಳಿಸುವುದು. ಅಹಿತವಾರ್ತೆಯನ್ನು ನಾಲ್ಕು ದಿನ ಬಚ್ಚಿಟ್ಟುಕೊಂಡು ಅಷ್ಟರಲ್ಲಿ ತಾನೇ ಸರಿಪಡಿಸಿಬಿಡೋಣವೆಂಬ ಆಸೆ ಪ್ರಾಮಾಣಿಕರಲ್ಲಿಯೇ ಹೆಚ್ಚು. ಅದರ ಫಲವಾಗಿ ಮೇಲಿನವರಿಗೆ ಸುದ್ದಿ ತಲುಪುವ ಹೊತ್ತಿಗೆ ಅವರು ಮಾಡಬಹುದಾಗಿದ್ದ ಸಹಾಯದ ಕಾಲ ಮೀರಿರುತ್ತದೆ. ತಡವಾಗುವುದೆಂದು ಏಪ್ರಿಲಿನಲ್ಲಿ ತಿಳಿದ ಮುಖ್ಯೋಪಾಧ್ಯಾಯರು ಊರಿನ ಸಮುದಾಯ ಭವನವನ್ನು ಒಂದು ತಿಂಗಳಿಗೆ ಕೇಳಿಕೊಳ್ಳಬಲ್ಲರು. ಮೇ ಕಡೆಯ ವಾರ ತಿಳಿದವರು ಕೋಪಿಸಿಕೊಳ್ಳುವುದನ್ನು ಬಿಟ್ಟು ಇನ್ನೇನೂ ಮಾಡಲಾರರು.

ನಿಜಸ್ಥಿತಿಯನ್ನು ತಿಳಿಯುವುದಕ್ಕೆ ವಾರಕ್ಕೊಮ್ಮೆ ಒಂದೇ ದಿನ, ಒಂದೇ ವೇಳೆಯಲ್ಲಿ, ಕೆಲಸದ ಜಾಗದಲ್ಲಿಯೇ ನಿಂತು ಎಲ್ಲರೊಡನೆ ಅರ್ಧ ಗಂಟೆ ಮಾತನಾಡುವುದು ಸಾಕು. ಹೋದ ವಾರ ಆಗಬೇಕಾಗಿದ್ದು ಏನಾಯಿತು, ಏನಾಗಲಿಲ್ಲ, ಬರುವ ವಾರಕ್ಕೆ ಯಾರಿಂದ ಏನು ಬೇಕು ಎಂಬ ಮೂರನ್ನೇ ಕೇಳಿ, ಒಂದು ಪುಟದಲ್ಲಿ ಬರೆದು ಮೇಲಿನವರಿಗೆ ಕಳುಹಿಸಬೇಕು. ನೂರಕ್ಕೆ ಎಂಬತ್ತು ಭಾಗ ಮುಗಿದಿದೆ ಎಂಬ ಉತ್ತರವನ್ನು ಸ್ವೀಕರಿಸಬಾರದು. ಅದು ಮೂರು ವಾರ ಕಳೆದರೂ ಎಂಬತ್ತಾಗಿಯೇ ಇರುತ್ತದೆ. ಸೋಮವಾರ ಪ್ಲಾಸ್ಟರಿಂಗ್‌ನವರು ಬಂದರೆ ಕೆಲಸ ಆರಂಭಿಸಬಹುದೇ, ಇಲ್ಲವೇ ಎಂದು ಕೇಳಿದರೆ ಉತ್ತರ ಹೌದು ಅಥವಾ ಇಲ್ಲ ಎಂದಾಗಲೇಬೇಕು. ಬರೆಯುವ ಕೈಯೊಂದೇ ಅಲ್ಲದೆ ನೋಡುವ ಕಣ್ಣೂ ಬೇಕು: ತಾರಸಿಗೆ ನೀರು ಹಾಕಿದ್ದೀರಾ ಎಂದು ಫೋನಿನಲ್ಲಿ ಕೇಳುವುದಕ್ಕಿಂತ ಏಣಿ ಹತ್ತಿ ಮಡಿಗಳಲ್ಲಿ ನೀರು ನಿಂತಿದೆಯೇ ಎಂದು ನೋಡಿಬರುವುದು ಮೇಲು. ಈಗಿನ ಕಾಲದಲ್ಲಿ ಪ್ರತಿಯೊಂದು ಕಾರ್ಯಕ್ಕೂ ಒಂದು ವಾಟ್ಸಾಪ್ ಗುಂಪು ಹುಟ್ಟಿಕೊಳ್ಳುತ್ತದೆ. ಫೋಟೋ ಕಳುಹಿಸುವುದಕ್ಕೆ ಅದು ಉಪಯುಕ್ತವೇ. ಆದರೆ ಒಂದು ಮುಖ್ಯ ನಿರ್ಣಯವು ಶುಭೋದಯದ ಚಿತ್ರಗಳ ನಡುವೆ ಹೂತುಹೋದ ಮೇಲೆ ಅದನ್ನು ತೆಗೆದು ತೋರಿಸುವುದು ಕಷ್ಟ. ಯಾರು, ಯಾವ ದಿನ, ಏನನ್ನು ನಿರ್ಣಯಿಸಿದರೆಂಬುದಕ್ಕೆ ಒಂದು ಪುಸ್ತಕವಿರಬೇಕು.

ನಡುವೆ ಬರುವ ಹೊಸ ಅಪೇಕ್ಷೆಗಳನ್ನು ಕುರಿತು ಒಂದು ಮಾತು. ದಾನಿಗಳಲ್ಲೊಬ್ಬರು ಊರಿಗೆ ಬಂದಾಗ ಕೊಠಡಿಗಳ ಮುಂದೆ ಒಂದು ಸಣ್ಣ ರಂಗಮಂಟಪವಿದ್ದರೆ ಚೆನ್ನಲ್ಲವೇ ಎನ್ನುತ್ತಾರೆ. ಅದು ಚೆನ್ನೇ, ಹಾಗೆಂದು ಒಪ್ಪಿಕೊಂಡುಬಿಟ್ಟರೆ ಹಣವೂ ಕಾಲವೂ ಎಲ್ಲಿಂದ ಬಂದಾವು? ಆಗದೆಂದರೆ ಹಿರಿಯರ ಮನಸ್ಸು ನೊಂದೀತು. ಅಲ್ಲಿಯೇ ಯಾವ ಉತ್ತರವನ್ನೂ ಕೊಡದೆ, ಸಾರ್, ಇದಕ್ಕೆ ಎಷ್ಟು ಹಣ, ಎಷ್ಟು ದಿನ ಹೆಚ್ಚಾಗುವುದೆಂದು ವಿಚಾರಿಸಿ ಸಮಿತಿಯ ಮುಂದಿಡುತ್ತೇನೆ ಎನ್ನುವುದು ಸತ್ಯವೂ ಆಗುತ್ತದೆ, ಗೌರವವೂ ಆಗುತ್ತದೆ. ಮತ್ತು ಹಾಗೆಯೇ ಮಾಡಬೇಕು. ಅಂಕಿಗಳು ಕಾಗದದ ಮೇಲೆ ಬಂದಾಗ ಕೆಲವು ಅಪೇಕ್ಷೆಗಳು ತಾವೇ ಹಿಂದೆ ಸರಿಯುತ್ತವೆ. ಉಳಿದವು ತಮ್ಮ ಹಣವನ್ನು ತಾವೇ ತರುತ್ತವೆ.

ಕಾರ್ಯವು ಹಿಂದೆ ಬಿದ್ದಿತೆಂದಾಗ ಇನ್ನೂ ನಾಲ್ಕು ಜನರನ್ನು ಹಾಕಿರಿ ಎಂಬುದು ಎಲ್ಲರ ಸಲಹೆ. ಐ.ಬಿ.ಎಂ. ಕಂಪನಿಯ ಸಿಸ್ಟಂ/360 ಗಣಕಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮ್ ರಚಿಸುವ ಮಹಾಕಾರ್ಯವನ್ನು ನಡೆಸಿದ ಫ್ರೆಡರಿಕ್ ಬ್ರೂಕ್ಸ್, ತಡವಾದ ಸಾಫ್ಟ್‌ವೇರ್ ಕಾರ್ಯಕ್ಕೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂದು 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಹೊಸಬರಿಗೆ ಕಲಿಸಬೇಕಾದವರು ಈಗಾಗಲೇ ಕೆಲಸದಲ್ಲಿ ಮುಳುಗಿರುವ ಹಳಬರೇ ಆದ್ದರಿಂದ ಅವರ ಕೈ ನಿಲ್ಲುತ್ತದೆ. ಜನ ಹೆಚ್ಚಿದಷ್ಟೂ ಪರಸ್ಪರ ತಿಳಿಸಿಕೊಳ್ಳುವ ಶ್ರಮವೂ ಹೆಚ್ಚುತ್ತದೆ. ಗಾರೆ ಕೆಲಸಕ್ಕೆ ಇದು ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಗೋಡೆ ಕಟ್ಟಲು ಇನ್ನಿಬ್ಬರು ಬಂದರೆ ಗೋಡೆ ಬೇಗ ಏಳುತ್ತದೆ. ಆದರೆ ಕಾಂಕ್ರೀಟಿನ ಹದಿನಾಲ್ಕು ದಿನಗಳನ್ನು ನಲವತ್ತು ಜನ ಬಂದರೂ ಏಳಕ್ಕಿಳಿಸಲಾರರು. ತಡವಾದಾಗ ಮೊದಲು ಯೋಚಿಸಬೇಕಾದದ್ದು ಯಾವುದನ್ನು ಈಗ ಬಿಡಬಹುದು ಎಂಬುದನ್ನು. ಆ ಉತ್ತರವು ಮೊದಲ ವಾರದ ಹಾಳೆಯಲ್ಲಿಯೇ ಬರೆದಿರುತ್ತದೆ.

ವಯಸ್ಸಿನಲ್ಲಿ ಹಿರಿಯರಾದವರಿಂದ ಕೆಲಸ ತೆಗೆಯುವುದು ಹೇಗೆಂದು ಕಿರಿಯರು ಅಂಜುತ್ತಾರೆ. ತಪ್ಪನ್ನು ನಾಲ್ಕು ಜನರ ಮುಂದೆ ಆಡದಿರುವುದು, ಒಳ್ಳೆಯದನ್ನು ನಾಲ್ಕು ಜನರ ಮುಂದೆಯೇ ಆಡುವುದು, ಕೊಟ್ಟ ಮಾತಿನ ವೇಳೆಗೆ ತಾನು ಹಾಜರಿರುವುದು: ಇಷ್ಟರಿಂದಲೇ ಅಧಿಕಾರವು ತಾನಾಗಿ ನೆಲೆಗೊಳ್ಳುತ್ತದೆ. ಕೆಲಸದವರಿಗೆ ಕುಡಿಯುವ ನೀರು, ನೆರಳು, ಹೆಂಗಸರಿಗೆ ಶೌಚಾಲಯದ ಬೀಗದ ಕೈ, ಇವು ದೊರೆತಿವೆಯೇ ಎಂದು ಮೊದಲ ದಿನವೇ ನೋಡಬೇಕು. ರಜೆಗೆ ಮುಂಚೆ ಶಾಲೆ ನಡೆಯುತ್ತಿರುವಾಗ ಪಾಯದ ಗುಂಡಿಯ ಸುತ್ತ ಭದ್ರವಾದ ಬೇಲಿಯಿಲ್ಲದೆ ಒಂದು ಗುದ್ದಲಿಯೂ ಬೀಳಕೂಡದು. ಇದರಲ್ಲಿ ಹಣದ, ಕಾಲದ, ದಾಕ್ಷಿಣ್ಯದ ಯಾವ ನೆಪವೂ ನಡೆಯಬಾರದು.

ಕೆಲಸ ಮುಗಿಯುತ್ತ ಬಂದಂತೆ ಎಲ್ಲರ ಮನಸ್ಸೂ ಉದ್ಘಾಟನೆಯ ಕಡೆಗೆ ಹರಿಯುತ್ತದೆ. ಮೇಸ್ತ್ರಿಯ ಜನ ಬೇರೆ ಕೆಲಸಕ್ಕೆ ಕದಲುತ್ತಾರೆ. ಚಿಲಕ ಕೂರದ ಬಾಗಿಲು, ಇಳಿಜಾರು ತಪ್ಪಿದ ನೆಲ, ಮುಚ್ಚದ ಸ್ವಿಚ್ ಪೆಟ್ಟಿಗೆ, ಆವರಣದಲ್ಲಿ ಉಳಿದ ಜಲ್ಲಿಯ ರಾಶಿ ಇವು ಉಳಿದುಹೋಗುವುದು ಆಗಲೇ. ಉದ್ಘಾಟನೆಗೆ ಹದಿನೈದು ದಿನ ಮುಂಚೆ ಎಂಜಿನಿಯರು, ಮೇಸ್ತ್ರಿ, ಮುಖ್ಯೋಪಾಧ್ಯಾಯರು ಮೂವರನ್ನೂ ಕೂಡಿಸಿಕೊಂಡು ಪ್ರತಿ ಕೊಠಡಿಯನ್ನೂ ಸುತ್ತಿ, ಉಳಿದ ಕೆಲಸಗಳನ್ನು ಬರೆದು, ಒಂದೊಂದರ ಮುಂದೆ ಹೆಸರನ್ನೂ ದಿನವನ್ನೂ ಹಾಕಬೇಕು. ಕೊನೆಯ ಕಂತಿನ ಒಂದು ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತನ್ನು ಮೊದಲ ಕರಾರಿನಲ್ಲಿಯೇ ಸೇರಿಸಿರಬೇಕು. ತಾರಸಿ ಸೋರುವುದೋ ಇಲ್ಲವೋ ಎಂಬುದು ಜುಲೈಯಲ್ಲಿ ಗೊತ್ತಾಗುವುದೇ ಹೊರತು ಬಣ್ಣ ಬಳಿದ ದಿನವಲ್ಲ. ಲೆಕ್ಕವನ್ನು ಪರಿಶೋಧನೆ ಮಾಡಿಸಿ ದಾನಿಗಳಿಗೆಲ್ಲ ಪ್ರತಿ ಕಳುಹಿಸಬೇಕು. ನಕ್ಷೆ, ತಾರಸಿ ಮತ್ತು ಗೋಡೆಯೊಳಗೆ ಪೈಪು ಹೋದ ದಾರಿಯನ್ನು ತೋರಿಸುವ ಮೋಲ್ಡ್‌ಗೆ ಮುಂಚಿನ ಫೋಟೋಗಳು, ಅಳತೆ ಪುಸ್ತಕ, ಬಿಲ್ಲುಗಳು, ಫ್ಯಾನು-ಮೋಟಾರುಗಳ ಗ್ಯಾರಂಟಿ ಚೀಟಿಗಳು, ನಡಾವಳಿಯ ಪ್ರತಿ ಎಲ್ಲವನ್ನೂ ಒಂದು ಕಡತದಲ್ಲಿ ಕಟ್ಟಿ, ಅದರ ಮೊದಲ ಹಾಳೆಯಲ್ಲಿ ಪ್ರತಿಯೊಂದು ಕೆಲಸಕ್ಕೆ ಅಂದಾಜಿಸಿದ ದಿನಗಳನ್ನೂ ನಿಜವಾಗಿ ಹಿಡಿದ ದಿನಗಳನ್ನೂ ಪಕ್ಕಪಕ್ಕದಲ್ಲಿ ಬರೆದು, ಕಚೇರಿಯ ಕಪಾಟಿನಲ್ಲಿಟ್ಟು, ಬೀಗದ ಕೈಗಳನ್ನು ಎಣಿಸಿ ರುಜು ಪಡೆದು ಒಪ್ಪಿಸಬೇಕು.